ಸಾಕೆಯ ಊರಿನಲ್ಲಿ ಎರಡು ಲೋಟ ನೀರು

ಮಿಮಿಕ್ರಿ ಮಾಡುವವನಿಗೆ ಎಲ್ಲರ ದನಿಯೂ ಬರುತ್ತದೆ, ತನ್ನದೊಂದನ್ನು ಬಿಟ್ಟು. ಇದನ್ನು ನಾನು ತತ್ತ್ವವೆಂದು ಹೇಳುತ್ತಿಲ್ಲ, ತೊಂದರೆಯೆಂದು ಹೇಳುತ್ತಿದ್ದೇನೆ. ಅಪ್ಪಿತಪ್ಪಿ ನನ್ನ ಸ್ವಂತ ದನಿಯಲ್ಲಿ ಒಂದು ನಿಜ ಹೇಳಿದರೆ, ಕೇಳಿದವರು ಸ್ವಲ್ಪ ಹೊತ್ತು ಯೋಚಿಸಿ, "ಇದು ಯಾರದ್ದೋ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಮಾಡು" ಎನ್ನುತ್ತಾರೆ. ಶಾಲೆಗೆ ಹೋಗುವಾಗ ಒಮ್ಮೆ ನಿಜವಾಗಿಯೇ ಜ್ವರ ಬಂದು ಸಣ್ಣ ದನಿಯಲ್ಲಿ ಅಮ್ಮನ ಹತ್ತಿರ ಹೇಳಿಕೊಂಡರೆ, "ಸೂರತ್ತಿನ ಚಿಕ್ಕಮ್ಮನ ಹಾಗೇ ಉಂಟು, ಈಗ ಯೂನಿಫಾರ್ಮ್ ಹಾಕ್ಕೋ" ಅಂದಿದ್ದಳು. ನನಗೆ ಇನ್ನೊಂದು ರೋಗವೂ ಇದೆ. ಹೆದರಿಕೆಯಾದಾಗ ನಾನು ಎದುರಿಗಿದ್ದವರ ದನಿಯಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಬೇಕೆಂದು ಅಲ್ಲ, ಬಾಯಿ ತಾನಾಗಿ ಹೋಗಿ ಅವರ ಬಾಯಿಯೊಳಗೆ ಕೂತುಕೊಳ್ಳುತ್ತದೆ. ಇಂಜಿನಿಯರಿಂಗ್ ಮೌಖಿಕ ಪರೀಕ್ಷೆಯಲ್ಲಿ ಮೂಗಿನಿಂದ ಮಾತನಾಡುವ ಪರೀಕ್ಷಕರೊಬ್ಬರಿಗೆ ಮೂಗಿನಿಂದಲೇ ಉತ್ತರಿಸಿದೆ. ಅವರು ನನ್ನ ನೆಗಡಿಗೆ ಮರುಗಿ ಪಾಸು ಮಾಡಿದರು. ಈ ರೋಗ ಎಲ್ಲ ಸಲವೂ ಅಷ್ಟು ಒಳ್ಳೆಯದನ್ನೇ ಮಾಡುತ್ತದೆಂದು ಹೇಳಲಾರೆ.

ನಾನು ಹುಟ್ಟಿ ಬೆಳೆದದ್ದು ವಡೋದರಾದಲ್ಲಿ. ಅಲ್ಲಿ ಅಲ್ಕಾಪುರಿಯಲ್ಲಿ ನಮ್ಮ ಅಪ್ಪಯ್ಯ ಉಡುಪಿ ಹೋಟೆಲು ನಡೆಸುತ್ತಾರೆ. ಕುಂದಾಪುರ ಬಿಟ್ಟು ಮೂವತ್ತು ವರ್ಷವಾದರೂ ಅವರ ನಾಲಿಗೆ ಇನ್ನೂ ಅಲ್ಲಿಂದ ಹೊರಟಿಲ್ಲ. ಗಿರಾಕಿಗಳ ಹತ್ತಿರ ಗುಜರಾತಿಯನ್ನೂ ಅವರು ಕುಂದಾಪುರದ ರಾಗದಲ್ಲೇ ಮಾತನಾಡುತ್ತಾರೆ. ನಾನು ಮೊದಲು ಕಲಿತ ದನಿ ಅವರದ್ದೇ. ಈಗ ನನಗೆ ಕೆಲಸ ಸೂರತ್ತಿನ ಹತ್ತಿರದ ಹಜೀರಾದ ಒಂದು ಕಾರ್ಖಾನೆಯಲ್ಲಿ, ವಾಸ ಅದರ ಕಾಲೊನಿಯಲ್ಲಿ. ಮದುವೆ ನಿಶ್ಚಯವಾಗಿರುವುದು ಅಹಮದಾಬಾದಿನ ನವರಂಗಪುರದಲ್ಲಿ. ಹುಡುಗಿ ಅನಘಾ. ಅವಳ ತಂದೆ ಮೂರ್ತಿಯವರು ಮೈಸೂರು ಕಡೆಯವರು, ವಿಜ್ಞಾನಿ. ಉಪಗ್ರಹಕ್ಕೆ ಸಂಬಂಧಿಸಿದ ಏನನ್ನೋ ಮಾಡುತ್ತಾರೆ, ಏನೆಂದು ಕೇಳಿದರೆ ವಿವರಿಸುತ್ತಾರೆ, ಆದ್ದರಿಂದ ಯಾರೂ ಕೇಳುವುದಿಲ್ಲ. ಹೆಣ್ಣು ನೋಡಲು ಹೋದ ದಿನ ಅವರು ನನ್ನ ಸಂಬಳ ಕೇಳಲಿಲ್ಲ, ಜಾತಕದ ಕಡೆ ಕಣ್ಣು ಹಾಯಿಸಲಿಲ್ಲ. ಗಂಟಲು ಸರಿಮಾಡಿಕೊಂಡು, ಕನ್ನಡಕದ ಮೂಲೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ, "ಹ್ಮ್... ನೋಡೀಪ್ಪಾ... ನಮ್ಮದು ಒಂದೇ ಕಂಡೀಷನ್ನು. ಹುಡುಗ ಕುಡಿಯೋ ಹಾಗಿಲ್ಲ" ಎಂದರು. ಪಾನನಿಷೇಧದ ಗುಜರಾತಿನಲ್ಲಿ ಬೆಳೆದವನಿಗೆ ಇದಕ್ಕಿಂತ ಸುಲಭದ ಷರತ್ತು ಯಾವುದು? ಸರ್ಕಾರವೇ ನನ್ನ ಪರವಾಗಿ ಮೊದಲೇ ಒಪ್ಪಿಕೊಂಡುಬಿಟ್ಟಿದೆ. ನಾನು ತಲೆಯಾಡಿಸಿದೆ. ಮನೆಗೆ ಬರುವ ರೈಲಿನಲ್ಲೇ ಅವರ "ಹ್ಮ್... ನೋಡೀಪ್ಪಾ" ಮತ್ತು ಕನ್ನಡಕ ತಟ್ಟುವುದನ್ನು ಕಲಿತು, ರಾತ್ರಿ ಫೋನಿನಲ್ಲಿ ಅನಘಾಳಿಗೆ ಮಾಡಿ ತೋರಿಸಿದೆ. ಅವಳು, "ಬಾಪ್ ರೇ, ಸೇಮ್ ಪಪ್ಪಾ" ಎಂದು ನಕ್ಕು, ಆಮೇಲೆ ಏಕೋ ಬೇಗನೆ ಫೋನಿಟ್ಟಳು. ತಂದೆಯ ದನಿಯವನನ್ನೇ ಮದುವೆಯಾಗುವುದು ಹೇಗೆ ಎಂದು ಯೋಚಿಸಿದಳೋ ಏನೋ.

ಹೀಗಿರುವಾಗ ಕಂಪನಿಯವರು ನಮ್ಮನ್ನು ತರಬೇತಿಗೆಂದು ಜಪಾನಿನ ಕೋಬೆ ಎಂಬ ಊರಿಗೆ ಕಳಿಸಿದರು. ನಾನು, ನನ್ನ ಮೇಲಧಿಕಾರಿ ಜಿಗ್ನೇಶ್‌ಭಾಯಿ ಮತ್ತು ನಮ್ಮ ವಿಭಾಗದ ಹಾರ್ದಿಕ್. ಇಬ್ಬರೂ ಸೂರತ್ತಿನವರು. ಸೂರತ್ತಿನವರು ಊಟಕ್ಕಾಗಿ ಎಲ್ಲಿಗಾದರೂ ಹೋಗುತ್ತಾರೆ, ಆದರೆ ಹೋಗುವಾಗ ಊಟ ಕಟ್ಟಿಕೊಂಡೇ ಹೋಗುತ್ತಾರೆ. ಜಿಗ್ನೇಶ್‌ಭಾಯಿಯ ದೊಡ್ಡ ಪೆಟ್ಟಿಗೆಯಲ್ಲಿ ಥೇಪ್ಲಾ, ಖಾಖ್ರಾ, ಉಪ್ಪಿನಕಾಯಿ ಇದ್ದವು. ಬಟ್ಟೆಗಳು ಹಾರ್ದಿಕ್‌ನ ಪೆಟ್ಟಿಗೆಯಲ್ಲಿದ್ದವು. ಒಂದು ಭಾನುವಾರ ಅಲ್ಲಿಯ ಕಂಪನಿಯ ಮೋರಿ ಸಾನ್ ಎಂಬ ಸೌಮ್ಯ ಮನುಷ್ಯ ಕಾರು ತಂದು, "ಇವತ್ತು ನಮ್ಮ ಊರಿನ ಹೆಮ್ಮೆ ತೋರಿಸುತ್ತೇನೆ" ಎಂದು ನಮ್ಮನ್ನು ಕರೆದೊಯ್ದ. ಹೆಮ್ಮೆ ಎಂದರೆ ದೇವಸ್ಥಾನವೋ ಕೋಟೆಯೋ ಇರಬೇಕೆಂದು ಹೊರಟ ನಾವು ಇಳಿದದ್ದು ಸಾಕೆ ಮ್ಯೂಸಿಯಮ್ಮಿನ ಮುಂದೆ. ಸಾಕೆ ಎಂದರೆ ಅಕ್ಕಿಯಿಂದ ಮಾಡುವ ಅವರ ಮದ್ಯ. ಆ ಹೆಸರಿನ ಮೇಲೆ ಪ್ರತಿಯೊಬ್ಬ ಕನ್ನಡಿಗನಿಗೂ ಹೊಳೆಯುವ ಜೋಕನ್ನು ನಾನು ಮಾಡುವುದಿಲ್ಲ. ಅಪ್ಪಯ್ಯ ಫೋನಿನಲ್ಲಿ ಮಾಡಿ ಮುಗಿಸಿದ್ದಾರೆ.

ಹಳೆಯ ಮರದ ಕಟ್ಟಡ. ಸೂರಿನ ಕೆಳಗೆ ದೊಡ್ಡ ಕುಂಬಳಕಾಯಿಯಷ್ಟು ಗಾತ್ರದ, ಎಲೆಗಳನ್ನು ಕಟ್ಟಿ ಮಾಡಿದ ಒಂದು ಚೆಂಡು ನೇತಾಡುತ್ತಿತ್ತು. ಹೊಸ ಸಾಕೆ ತಯಾರಾದಾಗ ಹಸಿರು ಚೆಂಡು ಕಟ್ಟುತ್ತಾರಂತೆ, ಅದು ಕಂದು ಬಣ್ಣಕ್ಕೆ ತಿರುಗುತ್ತ ಹೋದಂತೆ ಒಳಗೆ ಸಾಕೆ ಹದಕ್ಕೆ ಬರುತ್ತಿದೆ ಎಂದು ದಾರಿಹೋಕರಿಗೆ ತಿಳಿಯುತ್ತದಂತೆ. ಜಿಗ್ನೇಶ್‌ಭಾಯಿ ಅದನ್ನು ಬಹಳ ಹೊತ್ತು ನೋಡಿ, "ನಮ್ಮಲ್ಲಿ ಒಳಗೆ ಇದೆ ಅಂತ ಹೊರಗೆ ಗೊತ್ತಾಗಬಾರದು ಅಂತಲೇ ಅಷ್ಟು ಕಷ್ಟಪಡ್ತಾರೆ, ಇವರು ತೋರಣ ಕಟ್ಟಿದ್ದಾರೆ" ಎಂದರು. ಒಳಗೆ ಆಳೆತ್ತರದ ಬೊಂಬೆಗಳು. ಸೊಂಟಕ್ಕೆ ಬಟ್ಟೆ ಕಟ್ಟಿ ಬರಿಗಾಲಲ್ಲಿ ತೊಟ್ಟಿಯೊಳಗೆ ನಿಂತು ಅಕ್ಕಿ ತುಳಿದು ತೊಳೆಯುವ ಬೊಂಬೆ, ಹಬೆಯ ಹಂಡೆಯಿಂದ ಅನ್ನ ಮೊಗೆಯುವ ಬೊಂಬೆ, ಮೂಲೆಯಲ್ಲಿ ಕೈಕಟ್ಟಿ ನಿಂತು ಎಲ್ಲರನ್ನೂ ಅನುಮಾನದಿಂದ ನೋಡುವ ಮೇಸ್ತ್ರಿ ಬೊಂಬೆ. ಮೇಸ್ತ್ರಿಯ ಮುಖ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ನಿಂತ ಅಪ್ಪಯ್ಯನದ್ದೇ. ನಾನು ಅದರ ಪಕ್ಕ ಕೈಕಟ್ಟಿ ನಿಂತು, ಅಪ್ಪಯ್ಯನ ದನಿಯಲ್ಲಿ, "ಹೋಯ್, ಅಕ್ಕಿ ತೊಳುದಾ, ಕಾಲ್ ತೊಳುದಾ?" ಎಂದೆ. ಕನ್ನಡ ಬಾರದ ಮೋರಿ ಸಾನ್ ಕೂಡ ನಕ್ಕ. ಮೇಸ್ತ್ರಿಗಳ ದನಿ ಎಲ್ಲ ದೇಶದಲ್ಲೂ ಒಂದೇ ಇರಬೇಕು.

ಸಾಕೆಗೆ ಅಕ್ಕಿಯನ್ನು ಹಾಗೇ ಬಳಸುವುದಿಲ್ಲ, ಮೇಲಿನ ಭಾಗವನ್ನು ಉಜ್ಜಿ ಉಜ್ಜಿ ತೆಗೆಯುತ್ತಾರೆ. ಒಳ್ಳೆಯ ಸಾಕೆಗೆ ಕಾಳಿನ ಅರ್ಧ ಭಾಗವೇ ಹೋಗುತ್ತದೆ ಎಂದು ಮೋರಿ ಸಾನ್ ಹೇಳಿದಾಗ ಜಿಗ್ನೇಶ್‌ಭಾಯಿಯ ಎದೆಯೇ ಉಜ್ಜಿದಂತಾಯಿತು. "ಉಳಿದ ಅರ್ಧ ಯಾರು ತಗೊಂಡು ಹೋಗ್ತಾರೆ?" ಎಂದು ಮೂರು ಸಲ ಕೇಳಿದರು. ಆ ಹಿಟ್ಟಿನಲ್ಲಿ ಬಿಸ್ಕತ್ತು ಮಾಡುತ್ತಾರೆ ಎಂದು ತಿಳಿದ ಮೇಲೆಯೇ ಅವರು ಮುಂದಿನ ಕೋಣೆಗೆ ಕಾಲಿಟ್ಟದ್ದು. ಮುಂದಿನ ಕೋಣೆಯಲ್ಲಿ ನನ್ನ ಎದೆಯ ಸರದಿ. ಅಲ್ಲಿ ಅನ್ನ ಹುದುಗಲೆಂದು ಅದರ ಮೇಲೆ ಬೂಸ್ಟು ಬೆಳೆಸುತ್ತಾರೆ. ನಮ್ಮ ಮನೆಯಲ್ಲಿ ಅನ್ನಕ್ಕೆ ಬೂಸ್ಟು ಬಂದರೆ ಅಮ್ಮ ಪಾತ್ರೆಸಮೇತ ಹೊರಗಿಡುತ್ತಾಳೆ. ಇಲ್ಲಿ ಅದಕ್ಕೊಂದು ಬೆಚ್ಚನೆಯ ಕೋಣೆ, ಮಲಗಲು ಮರದ ತೊಟ್ಟಿಲಿನಂಥ ಪೆಟ್ಟಿಗೆ, ಹೊದೆಯಲು ಬಟ್ಟೆ. ರಾತ್ರಿಯೆಲ್ಲ ಒಬ್ಬ ಪಕ್ಕದಲ್ಲೇ ಇದ್ದು ಮೈ ಬಿಸಿಯಾಯಿತೇ ಎಂದು ಮುಟ್ಟಿ ನೋಡಿ, ಬಿಸಿಯಾದರೆ ಹೊದಿಕೆ ಸರಿಸಿ, ತಣ್ಣಗಾದರೆ ಹೊದಿಸುತ್ತಾನೆ. ನನಗೆ ನಗು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ವಡೋದರಾದ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲವೆಂದು ಅಪ್ಪಯ್ಯ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸುತ್ತಾರೆ. ನಮ್ಮ ಮನೆಯಲ್ಲಿ ಎರಡು ಒಳ್ಳೆಯ ಕಂಬಳಿಗಳಿವೆ. ಒಂದು ಇಡ್ಲಿ ಹಿಟ್ಟಿಗೆ, ಇನ್ನೊಂದು ದೋಸೆ ಹಿಟ್ಟಿಗೆ. ಮಗ ಹೇಗೂ ತಾನಾಗಿ ಹುದುಗುತ್ತಾನೆ ಎಂದು ಅವರ ನಂಬಿಕೆ.

ಆಮೇಲೆ ಮೋರಿ ಸಾನ್ ಹಾಡಿದ. ಹಿಂದೆ ಗಡಿಯಾರವಿಲ್ಲದ ಕಾಲದಲ್ಲಿ ಕೆಲಸಗಾರರು ಹಾಡಿನಿಂದಲೇ ಹೊತ್ತು ಅಳೆಯುತ್ತಿದ್ದರಂತೆ. ಇಷ್ಟು ನುಡಿ ಹಾಡಿದರೆ ತೊಳೆದದ್ದು ಸಾಕು, ಇಷ್ಟು ನುಡಿಗೆ ಕಲಕುವುದು ನಿಲ್ಲಿಸು ಎಂದು. ಅವನ ಅಜ್ಜ ಆ ಕೆಲಸ ಮಾಡಿದವರಂತೆ. ಕೋಲು ಹಿಡಿದು ಪೀಪಾಯಿ ಕಲಕುವವನಂತೆ ಹಿಂದೆ ಮುಂದೆ ವಾಲುತ್ತ ಅವನು ಹಾಡಿದ ಎರಡು ನುಡಿ ನನ್ನ ಕಿವಿಯಲ್ಲಿ ಕೂತು, ಮೂರನೆಯದನ್ನು ನಾನೇ ಹಾಡಿದೆ. ಅರ್ಥ ಗೊತ್ತಿಲ್ಲ, ವಾಲುವುದು ಗೊತ್ತಿತ್ತು. ಅವನು ಬೆರಗಾಗಿ ಬಾಗಿ ವಂದಿಸಿದ, ನಾನೂ ಬಾಗಿದೆ, ಅವನು ಮತ್ತೆ ಬಾಗಿದ. ಇದು ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಇಬ್ಬರೂ ಒದ್ದಾಡುತ್ತಿರುವಾಗ ಮನೆಯಿಂದ ಫೋನು ಬಂದು, ಅವನು ಹೊರಗೆ ಹೋದ.

ನಮ್ಮ ಕಥೆ ಕೆಟ್ಟದ್ದು ಈ ಫೋನಿನಿಂದ. ಮೋರಿ ಸಾನ್ ಆಚೆ ಹೋದ ಮೇಲೆ ನಾವು ಮೂವರೂ ಒಂದು ಮೂಲೆಗೆ ಬಂದೆವು. ಅಲ್ಲೊಂದು ಕಲ್ಲಿನ ತೊಟ್ಟಿ, ಬಿದಿರಿನ ಕೊಳವೆಯಿಂದ ಸಣ್ಣಗೆ ಸುರಿಯುತ್ತಿದ್ದ ತಿಳಿಯಾದ ದ್ರವ, ಪಕ್ಕದಲ್ಲಿ ಪುಟ್ಟ ಕಾಗದದ ಲೋಟಗಳು, ಮೇಲೆ ಜಪಾನಿ ಅಕ್ಷರಗಳ ಹಲಗೆ. ಅದರಲ್ಲಿ ಒಂದು ಪೀಪಾಯಿಯ ಚಿತ್ರ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇರೆ ರಾಜ್ಯದವರಾಗಿದ್ದರೆ, ಮದ್ಯವನ್ನು ಯಾರಾದರೂ ನಲ್ಲಿಯಲ್ಲಿ ಪುಕ್ಕಟೆ ಬಿಡುತ್ತಾರೆಯೇ ಎಂದು ಅನುಮಾನಪಡುತ್ತಿದ್ದರು. ನಮಗೆ ಆ ಅನುಮಾನ ಬರಲಿಲ್ಲ. ಗಡಿ ದಾಟಿದರೆ ಎಲ್ಲ ಕಡೆ ಅದು ಹೀಗೇ ಹರಿಯುತ್ತಿರುತ್ತದೆ ಎಂಬುದು ಗುಜರಾತಿನ ಪ್ರತಿಯೊಬ್ಬ ಸಜ್ಜನನ ಒಳಮನಸ್ಸಿನ ನಂಬಿಕೆ. ಜಿಗ್ನೇಶ್‌ಭಾಯಿ ದನಿ ತಗ್ಗಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಜ್ಞಾನಕ್ಕೋಸ್ಕರ ಒಂದು ಲೋಟ" ಎಂದರು. ನನಗೆ ಮೂರ್ತಿಯವರ ಕನ್ನಡಕ ನೆನಪಾಯಿತು. "ನನಗೆ ಬೇಡ ಭಾಯ್, ಮದುವೆ ಇದೆ" ಎಂದೆ. "ಮದುವೆ ಅಹಮದಾಬಾದಿನಲ್ಲಿ, ಐತಾಳ್‌ಭಾಯ್. ನೀವು ಇರೋದು ಕೋಬೆಯಲ್ಲಿ" ಎಂದು ಅವರು ಲೋಟ ಕೈಗಿತ್ತರು. ನನ್ನ ಪ್ರಮೋಷನ್ನಿನ ಕಾಗದಕ್ಕೆ ಸಹಿ ಹಾಕುವ ಕೈ ಅದು. ಕುಡಿದೆ.

ಜಿಗ್ನೇಶ್‌ಭಾಯಿ ಕಣ್ಣು ಮುಚ್ಚಿ ಬಾಯಲ್ಲಿ ಆಡಿಸಿ ನುಂಗಿದರು. "ಬಹು ಸರಸ್, ಬಹಳ ಚೆನ್ನಾಗಿದೆ. ಮೊದಲು ಏನೂ ಅನ್ನಿಸೋದಿಲ್ಲ, ಅದೇ ಒಳ್ಳೇ ಮಾಲಿನ ಲಕ್ಷಣ. ಧೀರೇ ಧೀರೇ ಏರ್ತದೆ." ಹಾರ್ದಿಕ್, "ಗಂಟಲಲ್ಲಿ ಸ್ವಲ್ಪ ಉರಿ ಬಂತು ಸರ್" ಎಂದ. ನಾನು ಎರಡನೆಯ ಲೋಟ ಕುಡಿದೆ. ಕಿವಿ ಬೆಚ್ಚಗಾಯಿತು. ಸುಳ್ಳು ಹೇಳುತ್ತಿಲ್ಲ, ಕಿವಿಯ ತುದಿ ಸ್ಪಷ್ಟವಾಗಿ ಬೆಚ್ಚಗಾಯಿತು, ಮೊಣಕಾಲು ಹಗುರವಾಯಿತು. ಜಿಗ್ನೇಶ್‌ಭಾಯಿ ಒಂದು ಬೆಂಚಿನ ಮೇಲೆ ಕೂತು, ಸೂರತ್ತಿನಲ್ಲಿ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನ ಬಗ್ಗೆ ಹೇಳತೊಡಗಿ, "ಮನುಷ್ಯ ಕೆಟ್ಟವನಲ್ಲ" ಎಂದು ಕಣ್ಣೊರೆಸಿಕೊಂಡರು. ಹಾರ್ದಿಕ್ ಫೋನು ತೆಗೆದು, "ಐತಾಳ್‌ಭಾಯ್, ಆ ಕುಡುಕನ ಐಟಂ ಮಾಡಿ" ಎಂದ. ಅದು ರಾಜ್ಯೋತ್ಸವದಂದು ಕನ್ನಡ ಸಂಘದ ವೇದಿಕೆಯಲ್ಲಿ ನಾನು ಪ್ರತಿ ವರ್ಷ ಮಾಡುವ ಐಟಂ. ನಿಜವಾದ ಕುಡುಕನನ್ನು ಹತ್ತಿರದಿಂದ ನೋಡದೆಯೇ ಸಿನಿಮಾ ನೋಡಿ ಕಲಿತದ್ದರಿಂದ ಅದು ಯಾವಾಗಲೂ ಸ್ವಲ್ಪ ಸಪ್ಪೆ. ಆ ದಿನ ಮಾತ್ರ ಅದ್ಭುತವಾಗಿ ಬಂತು. ಪೀಪಾಯಿಯನ್ನು ತಬ್ಬಿಕೊಂಡೆ, ಮೇಸ್ತ್ರಿ ಬೊಂಬೆಯ ಹತ್ತಿರ ಸಂಬಳ ಹೆಚ್ಚಿಸಲು ಕೇಳಿದೆ, ಕ್ಯಾಮೆರಾಕ್ಕೆ ಲೋಟ ಎತ್ತಿ, "ಏನು ಕಿಕ್ಕು ಮಾರಾಯ್ರೇ" ಎಂದು ಕನ್ನಡದಲ್ಲೇ ಘೋಷಿಸಿದೆ. ಯಾವುದು ನಟನೆ, ಯಾವುದು ಅಮಲು ಎಂದು ನನಗೇ ಗೊತ್ತಾಗಲಿಲ್ಲ.

ಮೋರಿ ಸಾನ್ ಬಂದು ನೋಡುತ್ತಾನೆ, ಒಬ್ಬರು ಅಳುತ್ತಿದ್ದಾರೆ, ಒಬ್ಬ ಬೊಂಬೆಯ ಕೊರಳಿಗೆ ಜೋತುಬಿದ್ದಿದ್ದಾನೆ, ಇನ್ನೊಬ್ಬ ಚಿತ್ರೀಕರಿಸುತ್ತಿದ್ದಾನೆ. ಅವನು ಯಾರಿಗೂ ನೋವಾಗದ ಹಾಗೆ ಬಾಗಿ, "ಅದು ನೀರು. ಸಾಕೆಗೆ ಬಳಸುವ ನಮ್ಮ ಬಾವಿಯ ನೀರು. ತುಂಬ ಒಳ್ಳೆಯ ನೀರು. ಸಾಕೆ ಆಚೆ ಕೌಂಟರಿನಲ್ಲಿದೆ" ಎಂದ. ಜಿಗ್ನೇಶ್‌ಭಾಯಿ ಎದ್ದು ಶರ್ಟು ಸರಿಮಾಡಿಕೊಂಡು, "ನನಗೆ ಮೊದಲೇ ಗೊತ್ತಿತ್ತು" ಎಂದರು. ಅಣ್ಣನ ವಿಷಯ ಮತ್ತೆ ಎತ್ತಲಿಲ್ಲ. ಕೌಂಟರಿಗೆ ಹೋಗುವ ಧೈರ್ಯ ಮೂವರಿಗೂ ಉಳಿದಿರಲಿಲ್ಲ. ನೀರಿಗೇ ಹೀಗಾದವರು ಸಾಕೆ ಕುಡಿದರೆ ಏನಾದೇವು? ಅಕ್ಕಿ ಹಿಟ್ಟಿನ ಬಿಸ್ಕತ್ತು ಕೊಂಡು ಹೊರಬಿದ್ದೆವು.

ಆದರೆ ಮೋರಿ ಸಾನ್ ಬರುವ ಮೊದಲೇ ಹಾರ್ದಿಕ್ ವೀಡಿಯೊವನ್ನು ಕಾಲೊನಿಯ ಗುಂಪಿಗೆ ಹಾಕಿಬಿಟ್ಟಿದ್ದ. "ನೀರು ಅಂತಾನೂ ಹಾಕು ಮಾರಾಯ" ಎಂದು ನಾನು ಕೈಮುಗಿದರೆ, "ನೀರು ಅಂದ್ರೆ ಯಾರು ನೋಡ್ತಾರೆ ಭಾಯ್?" ಎಂದ. ಕಾಲೊನಿಯಲ್ಲಿ ಕನ್ನಡದ ಕಲಾವತಿ ಆಂಟಿ ಇದ್ದಾರೆ. ಸೂರತ್, ವಡೋದರಾ, ಅಹಮದಾಬಾದ್ ಮೂರೂ ಊರಿನ ಕನ್ನಡಿಗರ ಗುಂಪಿಗೆ ಅವರೇ ಜೀವಾಳ. "ನಮ್ಮ ಐತಾಳರ ಹುಡುಗ ಜಪಾನಿನಲ್ಲಿ" ಎಂದು ಬರೆದು, ಕೈಮುಗಿಯುವ ಚಿತ್ರವೊಂದನ್ನು ಹಾಕಿ ರವಾನಿಸಿದರು. ನಾವು ಕೋಬೆಯಲ್ಲಿ ಥೇಪ್ಲಾ ಬಿಚ್ಚುವಷ್ಟರಲ್ಲಿ ಅದು ನವರಂಗಪುರ ಮುಟ್ಟಿತ್ತು. ಅನಘಾ ಫೋನು ಮಾಡಿದಳು. "ಆಕ್ಟಿಂಗ್ ಮಸ್ತ್ ಇದೆ ಯಾರ್. ಆದ್ರೆ ಪಪ್ಪಾ ನಗ್ತಾ ಇಲ್ಲ. ಪಪ್ಪಾ ಅದನ್ನ ಸ್ಲೋ ಮಾಡಿ ನೋಡ್ತಾ ಇದಾರೆ." ನಾನು ನಡೆದದ್ದನ್ನು ಹೇಳಿದೆ. "ನೀರಾ? ಸಚ್ಚಿ?" ಎಂದವಳು, ಆಮೇಲೆ, "ಇದು ಯಾರ ವಾಯ್ಸು?" ಎಂದಳು. ಅಪ್ಪಯ್ಯನದ್ದು ಇನ್ನೂ ನೇರ. "ಎಂತದಾ ಇದ್? ಕುಡ್ದದ್ದ್ ಹೌದಾ ಅಲ್ದಾ?" ನೀರು ಎಂದೆ. ಆ ಕಡೆಯಿಂದ ನಿಟ್ಟುಸಿರು. "ಕುಡ್ದ್ ಕುಣ್ದವನಾರೆ ಅಡ್ಡಿಲ್ಲ. ನೀರ್ ಕುಡ್ದ್ ಕುಣ್ದವನಿಗೆ ಯಾರ್ ಹೆಣ್ ಕೊಡ್ತ್ರ್?"

ಊರಿಗೆ ಬಂದವನೇ ನವರಂಗಪುರಕ್ಕೆ ಹೋದೆ. ಆಟೋದಲ್ಲಿ ದಾರಿಯುದ್ದಕ್ಕೂ ಒಂದು ಗಂಭೀರ ದನಿಯನ್ನು ಹುಡುಕಿದೆ. ಸಿಕ್ಕವೆಲ್ಲ ಬೇರೆಯವರವು. ಮೂರ್ತಿಯವರು ಸೋಫಾದಲ್ಲಿದ್ದರು, ಅನಘಾ ಬಾಗಿಲ ಹತ್ತಿರ ನಿಂತಿದ್ದಳು, ಅವಳ ತಾಯಿ ಸುಮಿತ್ರಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಎಲೆಯ ಚೆಂಡು, ಬೂಸ್ಟು, ಹಾಡು, ತೊಟ್ಟಿ. ಮೂರ್ತಿಯವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಕನ್ನಡಕ ತಟ್ಟಿದರು.

"ಹ್ಮ್... ನೋಡೀಪ್ಪಾ... ನೀರು ಅಂತ ಒಪ್ಕೊಳ್ಳೋಣ. ನನ್ನದು ಒಂದೇ ಪ್ರಶ್ನೆ. ಕುಡಿಯೋವಾಗ ಅದು ನೀರು ಅಂತ ನಿಮಗೆ ಗೊತ್ತಿತ್ತಾ?"

ವಿಜ್ಞಾನಿಯ ಮನೆಗೆ ಹೆಣ್ಣು ಕೇಳಲು ಹೋಗಬಾರದು ಎನ್ನುವುದು ಇದಕ್ಕೇ. ಬೇರೆ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಗೊತ್ತಿತ್ತು ಎಂದರೆ ಕಿಕ್ಕಿನ ಘೋಷಣೆ ವೀಡಿಯೊದಲ್ಲಿದೆ, ಮದುವೆಗೆ ಜಿಗ್ನೇಶ್‌ಭಾಯಿ ಬೇರೆ ಬಂದು ನಡೆದದ್ದನ್ನು ಬಾಯಿಬಿಡುವವರು. ಗೊತ್ತಿರಲಿಲ್ಲ ಎಂದರೆ, ಕುಡಿದದ್ದು ನೀರೇ ಆದರೂ ಕುಡಿದವನು ಕುಡುಕನೇ. ಅನಘಾ ನನ್ನನ್ನೇ ನೋಡುತ್ತಿದ್ದಳು. ನನಗೆ ಹೆದರಿಕೆ ಶುರುವಾಯಿತು. ನಿಜವನ್ನೇ ಹೇಳೋಣವೆಂದು ನಿರ್ಧರಿಸಿ ಬಾಯಿ ತೆರೆದೆ. ಹೇಳಿದ್ದು ನಿಜವೇ. ಆದರೆ ಹೊರಗೆ ಬಂದ ದನಿ ಮೂರ್ತಿಯವರದ್ದು.

"ಹ್ಮ್... ನೋಡೀಪ್ಪಾ... ಗೊತ್ತಿರಲಿಲ್ಲ. ಮದ್ಯ ಅಂತಲೇ ಕುಡಿದೆ. ಎರಡು ಲೋಟ."

ನನಗಿಲ್ಲದ ಕನ್ನಡಕವನ್ನು ಬೆರಳು ಎರಡು ಸಲ ತಟ್ಟಿಯೂ ಆಗಿತ್ತು. ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ನಿಂತಿತು. ಸುಮಿತ್ರಮ್ಮ ಅರ್ಧ ತುರಿದ ಕಾಯಿ ಕೈಯಲ್ಲಿ ಹಿಡಿದೇ ಹೊರಗೆ ಬಂದು ಗಂಡನ ಮುಂದೆ ನಿಂತರು.

"ಏನ್ರೀ, ಹುಡುಗನ ಮುಂದೆ ಅದೆಷ್ಟು ಧೈರ್ಯವಾಗಿ ಹೇಳ್ತಿದೀರಿ. ಯಾವಾಗ ಕುಡಿದ್ರಿ?"

"ನಾನೆಲ್ಲಿ ಹೇಳ್ದೆ ಸುಮಿತ್ರಾ?"

"ನಿಮ್ಮ ದನಿ ನನಗೆ ಗೊತ್ತಿಲ್ವಾ? ಇಷ್ಟು ವರ್ಷದಿಂದ ಕೇಳ್ತಿಲ್ವಾ? ಎರಡು ಲೋಟ ಅಂದ್ರಲ್ಲ."

ನಾನಾಗ ಬಾಯಿಬಿಟ್ಟು, "ಅದು ನಾನು" ಅನ್ನಬೇಕಿತ್ತು. ಆದರೆ ಯಾರ ದನಿಯಲ್ಲಿ ಹೊರಬೀಳುತ್ತದೋ ಎಂಬ ಭಯಕ್ಕೆ ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಮೂರ್ತಿಯವರ ಮುಖ ಬಿಳಿಚಿ, ಅವರು ಮೆಲ್ಲಗೆ, "ಅದು ಆ ಫ್ರಾನ್ಸ್ ಕಾನ್ಫರೆನ್ಸ್‌ನಲ್ಲಿ... ದ್ರಾಕ್ಷಿ ರಸ ಅಂತ ಕೊಟ್ರು ಕಣೇ" ಎಂದರು.

ಸುಮಿತ್ರಮ್ಮ ಕೈಯಲ್ಲಿದ್ದ ಕಾಯಿಯನ್ನು ಮೇಜಿನ ಮೇಲಿಟ್ಟರು. "ಯಾವ ಫ್ರಾನ್ಸು?"

ಈಗ ಅನಘಾ ಬಾಗಿಲು ಬಿಟ್ಟು ಬಂದು ತಂದೆಯ ಪಕ್ಕ ಕೂತಳು. "ಪಪ್ಪಾ, ಒಂದೇ ಕ್ವಶ್ಚನ್. ಕುಡಿಯೋವಾಗ ಅದು ಜ್ಯೂಸ್ ಅಲ್ಲ ಅಂತ ಗೊತ್ತಿತ್ತಾ?"

ಮೂರ್ತಿಯವರು ಪ್ರಾಮಾಣಿಕರು. ಅದಕ್ಕೇ ನನಗೆ ಅವರ ಮೇಲೆ ಗೌರವ. "ಮೊದಲನೇ ಗ್ಲಾಸಿನಲ್ಲಿ ಗೊತ್ತಾಗ್ಲಿಲ್ಲ" ಎಂದರು.

"ಅಂದ್ರೆ ಎರಡನೇದೂ ಇತ್ತು" ಎಂದರು ಸುಮಿತ್ರಮ್ಮ.

"ಒಂದೇ ರೀಡಿಂಗ್ ಮೇಲೆ ತೀರ್ಮಾನಕ್ಕೆ ಬರೋಕಾಗಲ್ಲ ಸುಮಿತ್ರಾ. ಕನ್ಫರ್ಮ್ ಮಾಡ್ಕೋಬೇಕು."

ಮೊದಲು ನಕ್ಕದ್ದು ಅನಘಾ. ಆಮೇಲೆ ಸುಮಿತ್ರಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡರು. ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟವರು ಅವರೇ. "ಇವರು ರಸ ಅಂತ ಮದ್ಯ ಕುಡಿದ್ರು, ಈ ಹುಡುಗ ಮದ್ಯ ಅಂತ ನೀರು ಕುಡಿದ. ಸಂಸಾರಕ್ಕೆ ಇವನೇ ವಾಸಿ. ಖರ್ಚು ನಲ್ಲಿ ನೀರಲ್ಲೇ ಮುಗಿದುಹೋಗತ್ತೆ." ಮೂರ್ತಿಯವರು ಏನೋ ಹೇಳಲು ಗಂಟಲು ಸರಿಮಾಡಿಕೊಂಡು, ನನ್ನನ್ನು ನೋಡಿ, ಕನ್ನಡಕದವರೆಗೆ ಹೋದ ಬೆರಳನ್ನು ಹಾಗೇ ಕೆಳಗಿಳಿಸಿದರು.

ಮದುವೆ ಮುಂದಿನ ತಿಂಗಳು. ಈಗ ಆ ಮನೆಯಲ್ಲಿ ಮೂರ್ತಿಯವರು ಒಳಗಿನ ಕೋಣೆಯಿಂದ ಕಾಫಿ ಕೇಳಿದರೆ, "ಅದು ನೀವೋ, ಅಳಿಯಂದ್ರೋ?" ಎಂದು ವಿಚಾರಿಸಿಕೊಂಡೇ ಸುಮಿತ್ರಮ್ಮ ಡಿಕಾಕ್ಷನ್ ಇಳಿಸುತ್ತಾರೆ. ಇದರಿಂದ ಮೂರ್ತಿಯವರಿಗೆ ಕಾಫಿ ಸ್ವಲ್ಪ ತಡವಾಗುತ್ತದೆ. ನಾನು ಹೋದಾಗ ಸುಮಿತ್ರಮ್ಮ ಸ್ಟೀಲಿನ ಲೋಟ ತಂದು ಕೈಗೆ ಕೊಡುವ ಮೊದಲು, "ನೀರು" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಾರೆ. ನಾನು ವಿನಯದಿಂದ ಕುಡಿಯುತ್ತೇನೆ. ಮೂರ್ತಿಯವರು ಕನ್ನಡಕದ ಮೇಲಿಂದ ಗಮನಿಸುತ್ತಿರುತ್ತಾರೆ, ಅನಘಾ ಬಾಗಿಲಲ್ಲಿ ನಗು ತಡೆದುಕೊಂಡು ನಿಂತಿರುತ್ತಾಳೆ. ಒಂದನೇ ಲೋಟಕ್ಕೆ ಏನೂ ಆಗುವುದಿಲ್ಲ. ಎರಡನೆಯದಕ್ಕೆ, ದೇವರಾಣೆ, ಕಿವಿಯ ತುದಿ ಬೆಚ್ಚಗಾಗುತ್ತದೆ. ಹೇಳಿಕೊಂಡರೆ ಯಾರೂ ನಂಬುವುದಿಲ್ಲ, ಚೆನ್ನಾಗಿದೆ, ಇನ್ನೊಂದ್ಸಲ ಮಾಡು ಎನ್ನುತ್ತಾರೆ.